ಬಾಗಿಲಿಗೆ ಬೆನ್ನು ಹಾಕಿದ ಹೇಂಟೆ

ಲಾಸ್ ವೇಗಾಸ್, ನೆವಾಡಾ
3 ಮಾರ್ಚ್ 1997

ಮಿಸ್ಟರ್ ಓರ್ಲೊ ಬಿಂಗಮ್ ಅವರಿಗೆ,

ನನ್ನ ನೆನಪು ನಿಮಗೆ ಇರಲಾರದು. ಸ್ಟ್ರೌಡ್ ಬೋರ್ಡ್ ಕಂಪನಿಯಲ್ಲಿ ಒಂದು ವರ್ಷ ನಕ್ಷೆ ಬರೆಯುವ ಮೇಜಿನಲ್ಲಿ, ಆಮೇಲೆ ಮೂವತ್ತೊಂದು ವರ್ಷ ಟೆಲಿಫೋನಿನ ಪಕ್ಕ ಕೂತಿದ್ದ ಥೆಲ್ಡಾ ರಾಸ್‌ಬ್ಯಾಂಡ್ ನಾನು. ನೀವು ಒಳಗೆ ಬೆಂಕಿಯ ಮುಂದೆ ನಿಂತು ಗಾಜಿನ ಕೊಳವೆ ಬಗ್ಗಿಸುತ್ತಿದ್ದಿರಿ. ನಿಮ್ಮ ವಿಳಾಸವನ್ನು ಹಳೆಯ ತಗಡು ಕೆಲಸದವರೊಬ್ಬರು ಕೊಟ್ಟರು.

ನಿವೃತ್ತಿಯಾದ ಮೇಲೆ ಜನ ಗುಲಾಬಿ ಬೆಳೆಸುತ್ತಾರೆ. ನಾನು ಹಳೆಯ ಬೋರ್ಡುಗಳ ಅಂಗಳದಲ್ಲಿ ಕೂತು ಕಾರ್ಡು ಬರೆಯುತ್ತಿದ್ದೇನೆ. ಮುಚ್ಚಿದ, ಸುಟ್ಟ, ಕೆಡವಿದ ಕ್ಯಾಸಿನೊಗಳ ನಿಯಾನ್ ಬೋರ್ಡುಗಳನ್ನೆಲ್ಲ ಒಂದು ಸಮಿತಿಯವರು ತಂದು ಇಲ್ಲಿ ಮಲಗಿಸಿದ್ದಾರೆ. ಯಾವ ಬೋರ್ಡು ಯಾವಾಗ ಹುಟ್ಟಿತು, ಯಾರ ಕೈಯದು, ಆ ಹೆಸರು ಯಾಕೆ ಬಂತು ಎಂದು ನಾಲ್ಕು ಸಾಲು ಬರೆದು ಅದರ ಕಾಲಬುಡದಲ್ಲಿ ನೆಡಬೇಕು. ಸಂಬಳವಿಲ್ಲ, ನೆರಳೂ ಇಲ್ಲ. ಆದರೂ ಬೆಳಿಗ್ಗೆ ಎದ್ದರೆ ಹೋಗಬೇಕು ಅನ್ನಿಸುತ್ತದೆ.

ಹೋದ ವಾರ ಹೇಂಟೆ ಬಂದಳು. ಪೊಡೆಸ್ಟಾನ ‘ಓಡಿಹೋದ ಹೇಂಟೆ’ ಕ್ಯಾಸಿನೊದ ತಲೆಯ ಮೇಲೆ ಮೂವತ್ತು ವರ್ಷ ನಿಂತಿದ್ದವಳು. ತಗಡು ಗಟ್ಟಿಯಾಗಿದೆ, ಗಾಜು ಒಂದು ಚೂರೂ ಉಳಿದಿಲ್ಲ. ಗಾಜು ಬಗ್ಗಿಸಲು ಯೋಲಾಂಡಾ ಬಾಕಾ ಎಂಬ ಒಳ್ಳೆಯ ಕೆಲಸಗಾರ್ತಿ ಇದ್ದಾಳೆ. ಆದರೆ ಬೋರ್ಡಿನಷ್ಟೇ ಅಳತೆಯ ನಕ್ಷೆ ಇಲ್ಲದೆ ಅವಳು ತಾನೇ ಏನು ಮಾಡಿಯಾಳು? ಹಳೆಯ ನಕ್ಷೆಗಳೆಲ್ಲ ಕಂಪನಿಯ ಜೊತೆಗೇ ಹೋದವು. ಅಂಗಳದ ಅರ್ಧ ಜಾಗ ಹೊಸ ರಸ್ತೆಗೆ ಹೋಗುತ್ತಿದೆ. ಜುಲೈ ಹದಿನೈದರೊಳಗೆ ಬೆಳಗದ ಬೋರ್ಡುಗಳು ಗುಜರಿಗೆ ಹೋಗುತ್ತವೆ.

ನಕ್ಷೆ ನೀವೇ ಬರೆಯಿರಿ ಎಂದು ಸಮಿತಿಯವರು ನನ್ನ ಬೆನ್ನು ಹತ್ತಿದ್ದಾರೆ. ಆಗುವುದಿಲ್ಲ ಎಂದಿದ್ದೇನೆ. ಕಾರಣ ನಿಮಗೆ ಗೊತ್ತೇ ಇದೆ. ಆ ಹೇಂಟೆಯನ್ನು ಇಡೀ ಬೀದಿಯ ಮುಂದೆ ಹಿಂದುಮುಂದಾಗಿ ನಿಲ್ಲಿಸಿದ ಕೈ ಇದೇ. ಸ್ಟ್ರೌಡ್‌ನಲ್ಲಿ ನಕ್ಷೆ ಬರೆಯುತ್ತಿದ್ದ ಬೇರೆ ಯಾರಾದರೂ ಬದುಕಿದ್ದರೆ ದಯವಿಟ್ಟು ತಿಳಿಸಿ. ಗಾಜಿನ ಬಣ್ಣ, ದಪ್ಪ ನೆನಪಿದ್ದರೆ ಅದನ್ನೂ ಬರೆಯಿರಿ.

ಇಂತಿ,
ಥೆಲ್ಡಾ ರಾಸ್‌ಬ್ಯಾಂಡ್


ಈಲಿ, ನೆವಾಡಾ
11 ಮಾರ್ಚ್ 1997

ಏ ಥೆಲ್ಡಾ,

ಮಿಸ್ಟರ್ ಬಿಂಗಮ್ ಅಂದರೆ ನಮ್ಮಪ್ಪ. ಅವನು ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಅವನನ್ನು ಯಾಕೆ ಎಬ್ಬಿಸುತ್ತೀ? ನಿನ್ನ ನೆನಪು ಇರಲಾರದಂತೆ. ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡು ಅದೇ ಪೆನ್ಸಿಲಿಗಾಗಿ ಅರ್ಧ ಗಂಟೆ ಅಂಗಡಿಯನ್ನೆಲ್ಲ ಹುಡುಕಿಸಿದವಳನ್ನು ಯಾರು ಮರೆಯುತ್ತಾರೆ?

ಬಣ್ಣ ಬರೆದುಕೋ. ಮೈಗೆ ಹದಿನೈದು ಮಿಲಿಮೀಟರಿನ ಹಳದಿ ಗಾಜು. ರೆಕ್ಕೆಗೆ ಅದೇ ಹಳದಿ, ಒಂದು ಅಳತೆ ಸಣ್ಣದು. ಕಾಲಿಗೆ ಕಿತ್ತಳೆ. ಜುಟ್ಟಿಗೆ ಬಣ್ಣವಿಲ್ಲದ ಬರೀ ಗಾಜು, ಒಳಗೆ ನಿಯಾನ್ ತುಂಬಿದರೆ ಕೆಂಪು ತಾನಾಗಿ ಬರುತ್ತದೆ. ಇಷ್ಟು ಬಗ್ಗಿಸಲು ನನಗೆ ಒಂಬತ್ತು ದಿನ ಹಿಡಿಯಿತು, ಎರಡು ಬೆರಳು ಬೊಬ್ಬೆ ಎದ್ದವು.

ಕಾರ್ಡಿನಲ್ಲಿ ಅಂಗಡಿಯ ಹೆಸರುಗಳನ್ನೂ ಹಾಕು. ಕ್ಯಾಸಿನೊಗೆ ಹೆಸರಿಡುವವನು ಸಾಹುಕಾರ. ಆದರೆ ಬೋರ್ಡಿಗೆ ಹೆಸರಿಡುವವನು ಅದರಿಂದ ಮೊದಲು ಶಾಕ್ ಹೊಡೆಸಿಕೊಂಡವನು, ಅದು ನಮ್ಮ ಪದ್ಧತಿ. ರಿಪೇರಿ ಚೀಟಿಯ ಮೇಲೆಲ್ಲ ನೀನೇ ಬರೆದಿದ್ದೀಯಲ್ಲ. ಮೋಡ ಕಂಡರೆ ಸಾಕು ಗೊಣಗಲು ಶುರು ಮಾಡುತ್ತಿದ್ದ ಆ ದೊಡ್ಡ ನಕ್ಷತ್ರ ‘ಸೋದರತ್ತೆ’. ಹೊತ್ತಿಕೊಳ್ಳಲು ಅರ್ಧ ತಾಸು, ಹೊತ್ತಿದ ಮೇಲೆ ನಿಲ್ಲಿಸಲು ಅರ್ಧ ತಾಸು ತೆಗೆದುಕೊಳ್ಳುತ್ತಿದ್ದದ್ದು ‘ಪಾದ್ರಿ’. ಇವೆಲ್ಲ ಹೋದರೆ ಚರಿತ್ರೆಯಲ್ಲಿ ಉಳಿಯುವುದು ಬರೀ ಸಾಹುಕಾರರು.

ನಕ್ಷೆಯವರು ಯಾರೂ ಬದುಕಿಲ್ಲ, ನೀನೊಬ್ಬಳೇ. ಹೇಂಟೆ ತಿರುಗಿದ್ದು ನಲವತ್ತೆರಡು ವರ್ಷದ ಹಿಂದಿನ ಮಾತು. ಒಂದು ಬೋರ್ಡಿಗೆ ಎಷ್ಟೋ ಕೈ ತಗಲುತ್ತವೆ. ಯಾರದೂ ತಪ್ಪಲ್ಲ ಅಂದುಕೊಂಡು ಬರೆದುಬಿಡು.

ಓರ್ಲೊ


ಲಾಸ್ ವೇಗಾಸ್
20 ಮಾರ್ಚ್ 1997

ಓರ್ಲೊ ಅವರಿಗೆ,

ಬಣ್ಣಗಳಿಗೆ ಉಪಕಾರವಾಯಿತು. ‘ಸೋದರತ್ತೆ’ಯ ಕಾರ್ಡು ಓದಿ ನಿನ್ನೆ ಬಂದ ಇಬ್ಬರು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಒಬ್ಬಳು ಸೊಸೆ, ಇನ್ನೊಬ್ಬಳು ಅತ್ತೆ.

ಆದರೆ ‘ಯಾರದೂ ತಪ್ಪಲ್ಲ’ ಎಂಬ ಮಾತು ಬೇಡ. ನನಗೆ ಕರುಣೆ ತೋರಿಸಬೇಡಿ. ಹೇಂಟೆಯ ಕಾರ್ಡಿಗೆ ನಾನೇ ಹೀಗೆ ಬರೆದಿಟ್ಟಿದ್ದೇನೆ: ‘ಗಾಜನ್ನು ಹಿಂದಿನ ಕಡೆಯಿಂದ ಬಗ್ಗಿಸುತ್ತಾರೆ. ಆದ್ದರಿಂದ ನಕ್ಷೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರಬೇಕು. ನಕ್ಷೆ ಬರೆಯುವವರು ಹಾಳೆಯ ಉದ್ದಕ್ಕೂ ಸಣ್ಣ ತೂತು ಕೊರೆದು, ಯಾವ ಮುಖ ಮೇಲೆ ಬರಬೇಕೆಂದು ಗುರುತು ಹಾಕುತ್ತಾರೆ. ಈ ಬೋರ್ಡಿನಲ್ಲಿ ನಕ್ಷೆಯವಳು ಗುರುತು ಹಾಕಲು ಮರೆತಳು.’ ಅಕ್ಷರವಾಗಿದ್ದರೆ ಕುರುಡನೂ ಕಂಡುಹಿಡಿಯುತ್ತಿದ್ದ. ಕೋಳಿಗೆ ಎಡವೇನು, ಬಲವೇನು? ನೀವು ಬಗ್ಗಿಸಿದಿರಿ, ತಗಡಿನವರು ಆ ಗಾಜನ್ನೇ ಇಟ್ಟು ನೋಡಿ ತಗಡು ಕತ್ತರಿಸಿ ತೂತು ಕೊರೆದರು. ಕ್ರೇನು ಎತ್ತಿ ನಿಲ್ಲಿಸಿದ ಮೇಲೆ ಗೊತ್ತಾಯಿತು. ಪೊಡೆಸ್ಟಾನ ಬಾಗಿಲು ತೋರಿಸಬೇಕಾಗಿದ್ದ ಹೇಂಟೆ ಆ ಬಾಗಿಲಿಗೇ ಬೆನ್ನು ಹಾಕಿ, ಎದುರು ಬೀದಿಯ ಕಾಪರ್ ಬೂಟ್ ಕ್ಯಾಸಿನೊದ ಕಡೆ ಓಡುತ್ತಿತ್ತು. ಆಮೇಲೆ ನೋಡಿದರೆ, ಬಿಸಿ ಗಾಜಿಗೆ ಸುಟ್ಟು ಹರಿದ ಆ ಹಾಳೆಯಲ್ಲಿ ಎಲ್ಲೂ ಗುರುತಿರಲಿಲ್ಲ.

ಆ ದಿನ ನೀವು ಬೀದಿಗೆ ಬಂದಿರಲಿಲ್ಲ, ಹೊಟ್ಟೆನೋವು ಎಂದು ಮನೆಗೆ ಹೋಗಿದ್ದಿರಿ. ಪೊಡೆಸ್ಟಾನ ಮುಖ ಬೀಟ್‌ರೂಟಿನಂತೆ ಆಗಿತ್ತು, ಆಮೇಲೆ ಅವನು ನಕ್ಕುಬಿಟ್ಟ. ನಡುವೆ ಏನು ನಡೆಯಿತು ಎಂಬುದು ಈಗ ಬೇಡ. ಬರೀ ‘ಪೊಡೆಸ್ಟಾ ಕ್ಲಬ್’ ಅಂತಿದ್ದ ಹೆಸರನ್ನು ಬದಲಾಯಿಸಿ ಅವನು ‘ಓಡಿಹೋದ ಹೇಂಟೆ’ ಎಂದು ಇಟ್ಟ. ಎದುರಿನವನನ್ನು ಅಣಕಿಸಲು ತಾತನೇ ಬೇಕೆಂದು ಹೀಗೆ ಮಾಡಿಸಿದ ಎಂದು ಅವನ ಮೊಮ್ಮಗಳು ಜೀನೆಟ್ ಹೇಳುತ್ತಾಳೆ. ಅವಳೂ ಸಮಿತಿಯಲ್ಲಿದ್ದಾಳೆ. ಹೇಳಿಕೊಳ್ಳಲಿ.

ನನಗೆ ನೆನಪಿರುವುದು ಮರುದಿನ ಸ್ಟ್ರೌಡ್ ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದು. “ನೋಡಮ್ಮ, ಈ ಸಲ ಪೊಡೆಸ್ಟಾ ನಕ್ಕುಬಿಟ್ಟ, ಬಚಾವಾದ್ವಿ. ಮುಂದಿನ ಸಲ ಯಾರು ನಗ್ತಾರೆ? ನಾಳೆಯಿಂದ ಫೋನ್ ನೋಡ್ಕೋ.” ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಂದಿನಿಂದ ನಾನು ಒಂದು ಗೆರೆ ಎಳೆದಿಲ್ಲ. ಮನೆಯಲ್ಲಿ ಹುಟ್ಟುಹಬ್ಬದ ಕಾರ್ಡಿಗೂ ಅಂಗಡಿಯ ಚಿತ್ರವೇ. ಗುರುತು ಹಾಕುವಂಥ ಸಣ್ಣ ಕೆಲಸ ಮರೆತ ಕೈಯನ್ನು ಇನ್ನೊಮ್ಮೆ ನಂಬಲಾರೆ. ದಯವಿಟ್ಟು ಒತ್ತಾಯ ಬೇಡ.

ಥೆಲ್ಡಾ ರಾಸ್‌ಬ್ಯಾಂಡ್


ಈಲಿ
2 ಏಪ್ರಿಲ್ 1997

ಥೆಲ್ಡಾ,

ನಿನ್ನ ಪತ್ರ ಬಂತು. ಇಲ್ಲಿ ಇನ್ನೂ ಹಿಮ ಬೀಳುತ್ತಿದೆ. ಪಕ್ಕದ ಟ್ರೇಲರ್ ಮನೆಯವಳು ರೂಬಾರ್ಬ್ ದಂಟಿನ ಪೈ ತಂದುಕೊಟ್ಟಳು, ಸ್ವಲ್ಪ ಹುಳಿಯಾಗಿತ್ತು. ಸೊಂಟ ನೋವು ಪರವಾಗಿಲ್ಲ.

ಓರ್ಲೊ


ಲಾಸ್ ವೇಗಾಸ್
9 ಏಪ್ರಿಲ್ 1997

ಓರ್ಲೊ ಅವರಿಗೆ,

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ನಾನು ಹೇಂಟೆಯ ಬಗ್ಗೆ ಎರಡು ಪುಟ ಬರೆದರೆ ನೀವು ಪೈ ಬಗ್ಗೆ ಒಂದು ಕಾರ್ಡು ಬರೆದಿದ್ದೀರಿ. ನಲವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ವಿಷಯವನ್ನು ಒಬ್ಬರ ಮುಂದೆ ಬಿಚ್ಚಿದ್ದೆ. ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ, ಇನ್ನು ಬರೆಯುವುದಿಲ್ಲ.

ಮೇ ಒಂದರಂದು ಸಮಿತಿಯ ಸಭೆ ಇದೆ. ನಕ್ಷೆ ಆಗುವುದಿಲ್ಲ ಎಂದು ಲಿಖಿತವಾಗಿ ಕೊಡುತ್ತೇನೆ. ಗುಜರಿಯವನು ಒಮ್ಮೆ ಬಂದು ನೋಡಿಕೊಂಡೂ ಹೋದ. ಅವಳ ಕೊಕ್ಕನ್ನು ಬೂಟುಗಾಲಿನಿಂದ ಒದ್ದು, ತಗಡು ದಪ್ಪ ಇದೆ ಎಂದ.

ಥೆಲ್ಡಾ ರಾಸ್‌ಬ್ಯಾಂಡ್


ಈಲಿ
16 ಏಪ್ರಿಲ್ 1997

ಥೆಲ್ಡಾ,

ಇದು ನಾನು ಬರೆದ ಐದನೆಯ ಪ್ರತಿ. ಮೊದಲ ನಾಲ್ಕು ಒಲೆಗೆ ಹೋದವು. ಇದನ್ನು ಓದುವ ಮೊದಲು ಲಕೋಟೆಯ ಒಳಗಿರುವ ಚೂರನ್ನು ನೋಡು. ಮೆಲ್ಲಗೆ ಹಿಡಿ, ಅಂಚು ಸುಟ್ಟಿದೆ.

ಗುರುತು ಸಿಕ್ಕಿತೇ? ಬಾಣದ ಗುರುತು, ಅದರ ಕೆಳಗೆ ‘ಈ ಮುಖ ಮೇಲೆ’, ಕೊನೆಯಲ್ಲಿ ನಿನ್ನ ಹೆಸರಿನ ಮೊದಲಕ್ಷರಗಳು. ಹೇಂಟೆಯ ಹಾಳೆಯ ಮೂಲೆ ಅದು. ನೀನು ಗುರುತು ಹಾಕಿದ್ದೆ ಥೆಲ್ಡಾ. ಮರೆತವಳು ನೀನಲ್ಲ.

ಹಾಳೆ ನನ್ನ ಬೆಂಚಿಗೆ ಬಂದಾಗ ಸುರುಳಿ ಸುತ್ತಿಕೊಂಡಿತ್ತು. ಸುರುಳಿ ಬಿಡಲಿ ಎಂದು ಮಗುಚಿ ಹಾಕಿ, ಮೂಲೆಗೆ ಕಬ್ಬಿಣದ ತುಂಡು ಇಟ್ಟು ಕಾಫಿಗೆ ಹೋದೆ. ಕಾಫಿಯ ಜೊತೆ ಮಾತು, ಮಾತಿನ ಜೊತೆ ಇನ್ನೊಂದು ಕಾಫಿ. ಬಂದವನು ಹಾಳೆಯನ್ನು ಮತ್ತೆ ತಿರುಗಿಸಿ ಹಾಕಬೇಕೆಂಬುದನ್ನೇ ಮರೆತು ಬೆಂಕಿ ಹಚ್ಚಿದೆ. ತೂತುಗಳು ಎರಡೂ ಕಡೆ ಒಂದೇ ಥರ ಕಾಣುತ್ತವೆ ನೋಡು. ಒಂಬತ್ತು ದಿನ ಸಿಳ್ಳೆ ಹೊಡೆದುಕೊಂಡು ಉಲ್ಟಾ ಹೇಂಟೆಯನ್ನು ಬಗ್ಗಿಸಿದೆ. ಕೊನೆಯ ದಿನ ಹಾಳೆ ಎತ್ತಿದರೆ ಅಡಿಯಲ್ಲಿ ನಿನ್ನ ಬಾಣ. ಅಷ್ಟು ಹೊತ್ತಿಗೆ ಗಾಜು ಲಾರಿ ಹತ್ತಿತ್ತು. ನನ್ನ ಹೊಟ್ಟೆನೋವು ಆಗ ಶುರುವಾದದ್ದು.

ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಹೇಳಿದರೆ ಮನೆಗೆ ಕಳಿಸುತ್ತಾರೆ ಎಂದು ಹೆದರಿ ಮೂಲೆಯನ್ನು ಹರಿದು ಜೇಬಿಗೆ ಹಾಕಿಕೊಂಡೆ. ಪೊಡೆಸ್ಟಾ ನಕ್ಕ ಎಂದು ಕೇಳಿ, ಸರಿ, ಮುಗಿಯಿತು ಅಂದುಕೊಂಡೆ. ನೀನು ಫೋನಿನ ಹತ್ತಿರ ಕೂತದ್ದನ್ನು ಕಂಡು ಸ್ಟ್ರೌಡ್‌ನನ್ನು ಕೇಳಿದೆ. “ಅವಳೇ ಕೇಳ್ಕೊಂಡ್ಲಪ್ಪ, ಕೂತ್ಕೊಂಡ್ ಮಾಡೋ ಕೆಲಸ ಬೇಕಂತೆ” ಎಂದ. ನಂಬಿದೆ. ನಂಬುವುದೇ ನನಗೆ ಹಿತವಾಗಿತ್ತು. ನನ್ನ ತಪ್ಪಿನ ಗೂಬೆಯನ್ನು ನಿನ್ನ ತಲೆಯ ಮೇಲೆ ಕೂರಿಸಿದ್ದಾರೆ ಎಂದು ನಿನ್ನ ಮಾರ್ಚ್ ತಿಂಗಳ ಪತ್ರ ಓದುವವರೆಗೆ ನನಗೆ ಗೊತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬುದ್ಧಿ ಅಷ್ಟೂ ವರ್ಷ ಇತ್ತು. ಇಲ್ಲದಿದ್ದರೆ ಈ ಚೂರನ್ನು ಯಾಕೆ ಇಟ್ಟುಕೊಳ್ಳುತ್ತಿದ್ದೆ?

ನಿನ್ನ ಕೈ ಆ ಅಂಗಡಿಯಲ್ಲೇ ಎಲ್ಲರಿಗಿಂತ ನೆಟ್ಟಗಿನ ಕೈ. ನಿನ್ನ ನಕ್ಷೆ ಇದ್ದರೆ ಗಾಜು ತಾನೇ ಬಗ್ಗುತ್ತದೆ ಎಂದು ನಾವು ಒಳಗೆ ಮಾತಾಡಿಕೊಳ್ಳುತ್ತಿದ್ದೆವು. ಅದನ್ನು ನಿನ್ನ ಮುಂದೆ ಒಮ್ಮೆಯೂ ಹೇಳಲಿಲ್ಲ. ನಾಚಿಕೆಯಾಗುತ್ತಿದೆ. ಬೈಯಬೇಕೆಂದರೆ ಬೈ, ಆದರೆ ಮೇ ಒಂದರಂದು ಆ ಚೀಟಿ ಕೊಡಬೇಡ.

ಓರ್ಲೊ


ಈಲಿ
12 ಮೇ 1997

ಥೆಲ್ಡಾ,

ಮೇ ಒಂದು ಕಳೆಯಿತು. ನಿನ್ನಿಂದ ಸುದ್ದಿಯಿಲ್ಲ. ಟಪಾಲಿನವಳು ನನ್ನನ್ನು ಕಂಡರೆ ಈಗ ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾಳೆ. “ಯಾರಪ್ಪ ಅದು, ನಿನ್ನ ಗೆಳತೀನಾ?” ಎಂದು ಕೇಳಿದಳು. ಇಲ್ಲಮ್ಮ, ಕೋಳಿ ವಿಷಯ ಅಂದೆ. ನನ್ನನ್ನು ಕನಿಕರದಿಂದ ನೋಡಿ ಹೋದಳು.

ಒಂದು ಸಾಲಾದರೂ ಬರೆ.

ಓರ್ಲೊ


ಈಲಿ
2 ಜೂನ್ 1997

ಥೆಲ್ಡಾ,

ಏಳು ವಾರವಾಯಿತು. ನೀನು ಕೋಪ ಮಾಡಿಕೊಂಡಿರುವುದು ನ್ಯಾಯವೇ. ಹೇಂಟೆ ಗುಜರಿಗೆ ಹೋದರೆ ಆ ಪಾಪವೂ ನನ್ನ ಖಾತೆಗೇ. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಇಲ್ಲಿನ ಚರ್ಚಿನ ಬಿಷಪ್ ಎದುರು ಸಹಿ ಹಾಕಿದ್ದೇನೆ. ನೀನು ಹೂಂ ಅಂದರೆ ನೇರ ಸಮಿತಿಗೆ ಕಳಿಸುತ್ತೇನೆ. ಬಿಷಪ್ ಅದನ್ನು ಎರಡು ಸಲ ಓದಿ, “ಬ್ರದರ್ ಬಿಂಗಮ್, ಇಷ್ಟೇನಾ? ನಾನು ಕೊಲೆ ಗಿಲೆ ಅಂದ್ಕೊಂಡಿದ್ದೆ” ಎಂದ. ಅವನಿಗೇನು ಗೊತ್ತು.

ಬೈದಾದರೂ ಬರೆ ಮಾರಾಯ್ತಿ. ನಿನ್ನ ಮೌನಕ್ಕಿಂತ ಸ್ಟ್ರೌಡ್‌ನ ಬೈಗುಳವೇ ವಾಸಿ ಅನ್ನಿಸುತ್ತಿದೆ.

ಓರ್ಲೊ


ಲಾಸ್ ವೇಗಾಸ್
9 ಜೂನ್ 1997

ಓರ್ಲೊ,

ಕೋಪ ಬಂದಿತ್ತು. ಎರಡು ದಿನ. ಮೊದಲ ದಿನ ನಿನ್ನ ಪತ್ರವನ್ನು ಕಸದ ಬುಟ್ಟಿಗೆ ಹಾಕಿದೆ, ಮತ್ತೆ ತೆಗೆದೆ, ಕಾಫಿ ಪುಡಿ ಕೊಡವಿ ಫ್ರಿಜ್ಜಿನ ಮೇಲೆ ಇಟ್ಟೆ. ಎರಡನೆಯ ದಿನ ಅಡುಗೆಮನೆಯಲ್ಲಿ ಕೂತು ಅತ್ತೆ. ಮೂವತ್ತೊಂದು ವರ್ಷ, ಓರ್ಲೊ. ಎಷ್ಟು ಬೋರ್ಡುಗಳು ನನ್ನ ಕೈಯಿಂದ ಹುಟ್ಟಬಹುದಿತ್ತು. ನಿನ್ನನ್ನು ಬಾಯಿಗೆ ಬಂದಂತೆ ಬೈದೆ, ಗೋಡೆ ಕೇಳಿಸಿಕೊಂಡಿತು. ಮೂರನೆಯ ದಿನ ಬೆಳಿಗ್ಗೆ ಎದ್ದು ಆ ಸುಟ್ಟ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ನೇರವಾದ ಬಾಣ. ಬರೆದವಳು ಇಪ್ಪತ್ತನಾಲ್ಕು ವರ್ಷದವಳು, ಅವಳಿಗೆ ತನ್ನ ಕೆಲಸ ಗೊತ್ತಿತ್ತು. ಒಬ್ಬಳೇ ನಿಂತು ನಕ್ಕೆ.

ಸಮಿತಿಗೆ ಆ ಚೀಟಿ ಕೊಡಲಿಲ್ಲ, ನಿನಗೆ ಬರೆಯಲೂ ಪುರುಸೊತ್ತಾಗಲಿಲ್ಲ. ಹೊರಗಿನ ಕೋಣೆಯ ಕುರ್ಚಿ ಮೇಜು ಎಲ್ಲ ಗ್ಯಾರೇಜಿಗೆ ಹಾಕಿ ನೆಲದ ತುಂಬ ಹಾಳೆ ಹಾಸಿದೆ. ನಿನಗೆ ಏಳು ವಾರ ಮೌನವಾಗಿ ಕಂಡದ್ದು ನನಗೆ ಏಳು ವಾರ ಮಂಡಿನೋವು. ಮೊದಲ ಗೆರೆ ನಡುಗಿತು, ನಾಲ್ಕು ಸಲ ಅಳಿಸಿದೆ. ರೆಕ್ಕೆಗೆ ಬರುವ ಹೊತ್ತಿಗೆ ಕೈಗೆ ಎಲ್ಲ ನೆನಪಾಯಿತು. ನಾನು ಇಷ್ಟು ಖುಷಿಯಾಗಿದ್ದದ್ದು ಯಾವಾಗ ಎಂದು ಯೋಚಿಸಿದರೆ ಬೇಗ ನೆನಪಿಗೆ ಬರುವುದಿಲ್ಲ. ಶುಕ್ರವಾರ ನಕ್ಷೆ ಯೋಲಾಂಡಾಗೆ ಕೊಟ್ಟೆ. “ಅಮ್ಮ, ಇಂಥ ಹಾಳೆ ನನ್ನ ಜನ್ಮದಲ್ಲಿ ನೋಡಿಲ್ಲ. ಇಷ್ಟು ದಿನ ಎಲ್ಲಿದ್ರಿ?” ಎಂದಳು. ಫೋನಿನಲ್ಲಿದ್ದೆ ಕಣಮ್ಮ, ಎಂಗೇಜ್ ಬರುತ್ತಿತ್ತು ಅಂದೆ.

ಯಾವ ಕಡೆ ಮುಖ ಎಂದು ನೀನು ಕೇಳುತ್ತೀ. ಅದೇ ಕಡೆ. ಬಾಗಿಲಿಗೆ ಬೆನ್ನು. ಈ ಸಲ ಬೇಕೆಂದೇ ಹಾಗೆ ಬರೆದಿದ್ದೇನೆ.

ನೀನು ಹೇಳಿದ ಮೇಲೆ ನಾನೂ ಒಂದು ಹೇಳಬೇಕು. ಆ ದಿನ ಪೊಡೆಸ್ಟಾ ನಡುಬೀದಿಯಲ್ಲಿ ನಿಂತು, “ಏನಮ್ಮಾ ಇದು? ನನ್ನ ಕೋಳಿ ಆ ಕಾಪರ್ ಬೂಟಿನವನ ಬಾಗಿಲಿಗೆ ಮೂತಿ ಇಟ್ಕೊಂಡು ನಿಂತಿದೆ. ನಮ್ಮ ಗಿರಾಕಿಗಳಿಗೆ ತೋರ್ಸೋದು ಬರೀ ಪುಕ್ಕಾನಾ?” ಎಂದು ಕೂಗಾಡಿದ. ಸ್ಟ್ರೌಡ್ ನನ್ನ ಹಿಂದೆ ಅವಿತುಕೊಂಡ. ನನ್ನ ಬಾಯಿಂದ ಹೇಗೆ ಬಂತೋ ಕಾಣೆ. “ಸಾರ್, ಅವಳು ನಿಮ್ಮಲ್ಲಿ ತಿಂದು, ಗೆದ್ದು, ಸಿಕ್ಕಿದ್ದು ಬಾಚ್ಕೊಂಡು ಓಡಿಹೋಗ್ತಿದಾಳೆ. ಒಳಗೆ ಹೋಗೋ ಕೋಳೀನ ನೋಡಿ ಯಾರು ಬರ್ತಾರೆ? ಒಳಗೆ ಹೋದ ಕೋಳಿ ಏನಾಗತ್ತೆ ಅಂತ ಎಲ್ರಿಗೂ ಗೊತ್ತು” ಅಂದೆ. ಅವನು ಹ್ಯಾಟು ತೆಗೆದು ನೆಲಕ್ಕೆ ಬಡಿದು ನಕ್ಕ. “ಓಡಿಹೋದ ಹೇಂಟೆ. ಬರ್ಕೊಳ್ರೋ, ಇನ್ಮೇಲೆ ಇದೇ ಹೆಸರು” ಎಂದ.

ಹೆಸರು ನನ್ನದು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ತಪ್ಪು ಮುಚ್ಚಲು ಆಡಿದ ಮಾತು, ಅದನ್ನು ನನ್ನದು ಎಂದರೆ ತಪ್ಪನ್ನೂ ಹಿಂದೆಯೇ ಕರೆದಂತಾಗುತ್ತದೆ ಎಂದು ಹೆದರಿದ್ದೆ. ಈಗ ಆ ಭಯ ಯಾಕೆ? ಜೀನೆಟ್‌ಗೆ ಹೇಳಿದೆ. “ನಮ್ಮ ತಾತಂಗೆ ಅಷ್ಟು ತಮಾಷೆ ಎಲ್ಲಿಂದ ಬಂತು ಅಂತ ನಮ್ಮಜ್ಜಿ ಸಾಯೋ ತನಕ ಕೇಳ್ತಿದ್ಲು” ಎಂದಳು.

ಹಳೆಯ ಕಾರ್ಡು ಹರಿದುಹಾಕಿದೆ. ಹೊಸದು ಹೀಗಿದೆ, ತಕರಾರಿದ್ದರೆ ಹೇಳು:

‘ಓಡಿಹೋದ ಹೇಂಟೆ, 1955. ನಕ್ಷೆ ಮತ್ತು ಹೆಸರು: ಥೆಲ್ಡಾ ರಾಸ್‌ಬ್ಯಾಂಡ್. ಗಾಜು ಮತ್ತು ತಪ್ಪು: ಓರ್ಲೊ ಬಿಂಗಮ್.’

ನಿನ್ನ ಬಿಷಪ್ಪನ ಹಾಳೆ ಬೇಡ. ನೀನೇ ಬೇಕು. ಮೈ, ರೆಕ್ಕೆ, ಕಾಲು ಎಲ್ಲ ಯೋಲಾಂಡಾ ಬಗ್ಗಿಸುತ್ತಾಳೆ. ಜುಟ್ಟು ಒಂದನ್ನು ಬಿಟ್ಟಿರಲು ಹೇಳಿದ್ದೇನೆ. ಒಂದೂವರೆ ಅಡಿ ಗಾಜು, ಮೂರು ಬಾಗು. ಸೊಂಟದ ನೆಪ ಹೇಳಬೇಡ. ಜುಲೈ ಹನ್ನೆರಡು, ಶನಿವಾರ, ಹೊತ್ತು ಮುಳುಗುವಾಗ ಬೆಳಗಿಸುತ್ತಾರೆ. ಅದಕ್ಕೆ ಮೂರು ದಿನ ಮೊದಲೇ ಬಾ.

ಥೆಲ್ಡಾ


ಈಲಿ
14 ಜೂನ್ 1997

ಥೆಲ್ಡಾ,

ಟಪಾಲಿನವಳು ಇಂದು ದೂರದಿಂದಲೇ ಲಕೋಟೆ ಎತ್ತಿ ತೋರಿಸಿದಳು. ಅವಳ ಎದುರೇ ಒಡೆದು ಓದಿದೆ, ಅವಳಿಗೂ ಅರ್ಧ ಓದಿ ಹೇಳಬೇಕಾಯಿತು. ‘ಒಳಗೆ ಹೋದ ಕೋಳಿ’ ಎಂಬಲ್ಲಿಗೆ ಬಂದಾಗ ಅವಳು ಚೀಲ ಕೆಳಗಿಟ್ಟು ನಕ್ಕಳು. ನಾನು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಥ ಮಾತು ನನ್ನ ತಪ್ಪಿನಿಂದ ಹುಟ್ಟಿತು ಎಂದು ತಿಳಿದಿದ್ದರೆ ನಲವತ್ತೆರಡು ವರ್ಷ ಹೊಟ್ಟೆನೋವು ಪಡುವ ಅಗತ್ಯವೇ ಇರಲಿಲ್ಲ.

ಕಾರ್ಡಿಗೆ ತಕರಾರಿಲ್ಲ. ‘ತಪ್ಪು’ ಎಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಸು, ಕನ್ನಡಕ ಮರೆತು ಬಂದವರಿಗೂ ಕಾಣಲಿ.

ಗಾಜು ಬಗ್ಗಿಸುವಾಗ ಅದರೊಳಗೆ ಊದುವ ರಬ್ಬರ್ ಕೊಳವೆ ಹೊಸದು ತರಿಸಿದ್ದೇನೆ. ಕೈ ಸ್ವಲ್ಪ ನಡುಗುತ್ತದೆ. ಬೆಂಕಿಯ ಮುಂದೆ ನಿಲ್ಲುತ್ತದೆ ಎಂದು ಅನ್ನಿಸುತ್ತಿದೆ, ನಿಲ್ಲದಿದ್ದರೆ ಜುಟ್ಟು ಕೆದರಿದ ಹೇಂಟೆಯಾಗುತ್ತಾಳೆ, ಓಡುವವಳಿಗೆ ಅದೂ ಒಪ್ಪುತ್ತದೆ. ಬಸ್ಸು ಬುಧವಾರ ಒಂಬತ್ತನೆಯ ತಾರೀಖು ಮಧ್ಯಾಹ್ನ ಮೂರಕ್ಕೆ ಬರುತ್ತದೆ.

ಹಾಳೆಯನ್ನು ನೀನೇ ಹಾಸು. ಸುರುಳಿ ಸುತ್ತಿಕೊಂಡು ಪೂರ್ತಿ ಮಡಚಿಹೋದರೂ ನಾನು ಮುಟ್ಟುವುದಿಲ್ಲ.

ಓರ್ಲೊ